ಮುಂಬೈ ಲೋಕಲ್: ಮೊದಲು ಸಿಗ್ನಲ್ಲೋ, ಬಾಗಿಲೋ, ಬಸ್ಸೋ?

ಹಳಿಹುಳ: 2025ರ ಜೂನ್ 9ರಂದು ದಿವಾ–ಮುಂಬ್ರಾ ನಡುವೆ, ಎದುರುಬದುರಾಗಿ ದಾಟುತ್ತಿದ್ದ ಎರಡು ಲೋಕಲ್‌ಗಳ ಫುಟ್‌ಬೋರ್ಡಿನಿಂದ ಜನ ಬಿದ್ದು ಸತ್ತರು. ಅಂದಿನಿಂದ ಎಲ್ಲರ ಬಾಯಲ್ಲೂ ಬಾಗಿಲಿನದೇ ಜಪ. ಎಸಿ ಇಲ್ಲದ ರೇಕಿಗೂ (ಬೋಗಿಗಳ ಇಡೀ ಜೋಡಣೆಗೂ) ತಾನೇ ಮುಚ್ಚಿಕೊಳ್ಳುವ ಬಾಗಿಲು ಬರುತ್ತದೆ ಎಂದು ರೈಲ್ವೆಯೂ ಹೇಳಿತು. ಒಳಗೆ ಕಾಲಿಡಲು ಜಾಗವಿಲ್ಲದಿದ್ದರೆ ಬಾಗಿಲು ಮುಚ್ಚುವುದು ಯಾರ ಬೆನ್ನಿನ ಮೇಲೆ? ಮೊದಲು 12 ಬೋಗಿಯನ್ನು 15 ಮಾಡಿ, ಶೇ. 25ರಷ್ಟು ಜಾಗ ಸಿಗುತ್ತದೆ. ಸಿಗ್ನಲ್ ಬದಲಿಸಿ ಗಾಡಿಗಳ ಅಂತರವನ್ನು 3 ನಿಮಿಷದಿಂದ ಎರಡೂವರೆಗೆ ತನ್ನಿ, ಗಂಟೆಗೆ 20 ಇದ್ದದ್ದು 24 ಆಗುತ್ತದೆ, ಅದು ಶೇ. 20. ಒಟ್ಟು ಶೇ. 45. ಬಾಗಿಲಿನ ಮಾತು ಆಮೇಲೆ. ಈಗಲೇ ಹಾಕಿದರೆ ನಿಲ್ದಾಣಕ್ಕೆ 5 ಸೆಕೆಂಡ್ ಹೋದರೂ ಸಿಎಸ್‌ಎಂಟಿ ಟರ್ಮಿನಸ್‌ನಿಂದ ಕಲ್ಯಾಣ್‌ಗೆ ಎಲ್ಲೆಡೆ ನಿಂತು ಹೋಗುವ ಸ್ಲೋ ಗಾಡಿಗೆ ನಡುವಿನ 24 ನಿಲುಗಡೆಗಳಲ್ಲಿ 2 ನಿಮಿಷ ಖೋತಾ.

ಲೆಕ್ಕಾಚಾರಿ: 1.25 × 1.2 = 1.5. ಶೇ. 45 ಅಲ್ಲ, 50.

ಮುಲುಂಡ್‌ಮಾಣಿ: "2 ನಿಮಿಷ ಖೋತಾ" ಅಂತ ಕೂಡಿಸಿದಿರಲ್ಲ, ಎಡವಿದ್ದು ಅಲ್ಲೇ ಮಾರಾಯ್ರೆ. ಪ್ರಯಾಣದ ಹೊತ್ತು ಬೇರೆ, ಹಿಂದುಮುಂದಿನ ಗಾಡಿಗಳ ಅಂತರ ಬೇರೆ. ಅಂತರವನ್ನು ನಿರ್ಧರಿಸುವುದು ಗಾಡಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವ ಒಂದೇ ಒಂದು ನಿಲ್ದಾಣ, ಅಂದರೆ ದಾದರ್. ನಾಹುರ್‌ನಂಥ ಸಣ್ಣ ನಿಲ್ದಾಣದಲ್ಲಿ 5 ಸೆಕೆಂಡ್ ಹೆಚ್ಚು ನಿಂತರೆ ಗಂಟೆಗೆ ಓಡುವ ಗಾಡಿಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಡಿಪೋಭಟ್ಟ: ಗಾಡಿಯಿಂದ ಇಳಿದವನು ಆಮೇಲೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ಯಾರಾದರೂ ಯೋಚಿಸಿ. 2019ರ ಒಪ್ಪಂದದಲ್ಲಿ ಮುಂಬೈಯ ನಗರ ಬಸ್ ಸಂಸ್ಥೆ ಬೆಸ್ಟ್ ಸ್ವಂತ ಬಸ್ಸುಗಳನ್ನು 3,337ರಲ್ಲೇ ಉಳಿಸಿಕೊಳ್ಳುತ್ತೇನೆ ಎಂದಿತ್ತು. ಈಗ ಸ್ವಂತದ್ದು ಸಾವಿರದ ಒಳಗೆ. ಉಳಿದವೆಲ್ಲ ಗುತ್ತಿಗೆಯವು.

ಹಳಿಹುಳ: "ಒಂದೂ ಕಡಿಮೆಯಾಗುವುದಿಲ್ಲ" ಅಂತೆ! ರೇಕ್ ಆಕಾಶದಿಂದ ಉದುರುತ್ತದೆಯೇ? ಹೋಗುವಾಗ 2, ಬರುವಾಗ 2, ಸುತ್ತಿಗೆ 4 ನಿಮಿಷ. 3 ನಿಮಿಷಕ್ಕೊಂದು ಗಾಡಿ ಓಡುವ ಹಳಿಯಲ್ಲಿ ಆ 4 ನಿಮಿಷ ತುಂಬಲು ಇನ್ನೆರಡು ರೇಕ್ ಬೇಕು, ಇಲ್ಲವೇ ಸಿಎಸ್‌ಎಂಟಿಯಲ್ಲಿ ಗಾಡಿ ತಿರುಗಿಸುವ ಹೊತ್ತನ್ನು ಕತ್ತರಿಸಬೇಕು. ಇನ್ನು ನಿಮ್ಮ ದಾದರ್. ಬಾಗಿಲು ಅತಿ ಹೆಚ್ಚು ಸಿಕ್ಕಿಕೊಳ್ಳುವುದೂ ಅಲ್ಲೇ ತಾನೇ? ಬೆನ್ನಿನ ಬ್ಯಾಗ್ ನಡುವೆ ಸಿಕ್ಕರೆ ಬಾಗಿಲು ಮತ್ತೆ ತೆರೆಯುತ್ತದೆ. ಎಲ್ಲ ಬಾಗಿಲೂ ಮುಚ್ಚಿದ ಸಂಕೇತ ಬಾರದೆ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ. ಬೋಗಿಗೆ ನಾಲ್ಕರಂತೆ ಹಿಡಿದರೂ ಒಂದು ಬದಿಗೆ 48 ಬಾಗಿಲು. ಒಂದು ಮುನಿಸಿಕೊಂಡರೆ ಇಡೀ ಗಾಡಿ ನಿಂತಿತು.

ಮುಲುಂಡ್‌ಮಾಣಿ: "ಒಂದು ಮುನಿಸಿಕೊಂಡರೆ" ಅದನ್ನು ಕೈಯಿಂದ ಮುಚ್ಚಿ, ಬೀಗ ಹಾಕಿ, ಸರ್ಕ್ಯೂಟಿನಿಂದ ಹೊರಗಿಟ್ಟು ಗಾಡಿ ಬಿಡುತ್ತಾರೆ. ಇಂಥ ಬಾಗಿಲುಗಳಲ್ಲಿ ಅಂಥ ಏರ್ಪಾಡು ಸಾಮಾನ್ಯ. 2017ರ ಡಿಸೆಂಬರ್ 25ರಿಂದ ಎಸಿ ಲೋಕಲ್ ಓಡ್ತಾ ಉಂಟು, ಬಾಗಿಲು ಮುಚ್ಚಿಕೊಂಡೇ.

ಹಳಿಹುಳ: ಎಸಿ ಲೋಕಲ್ ಉದಾಹರಣೆ ಬೇಡ. ಮೊದಲ ರೇಕನ್ನು ಸೆಂಟ್ರಲ್ ರೈಲ್ವೆಗೆಂದು ತಂದರು, ಹಳೇ ಸೇತುವೆಗಳ ಕೆಳಗೆ ಅದರ ಎತ್ತರ ಹಿಡಿಸದೆ ವೆಸ್ಟರ್ನ್ ರೈಲ್ವೆಗೆ ಕೊಟ್ಟರು. ನಮ್ಮ ಯೋಜನೆಗಳ ಹಣೆಬರಹವೇ ಇದು.

ಮುಲುಂಡ್‌ಮಾಣಿ: ಬಾಗಿಲು ಕೇಳಿದರೆ ಸೇತುವೆ ತೋರಿಸ್ತೀರಿ. ಎಂತ ವಾದ ಇದು?

ಯಶವಂತಪುರ_ಸಿಂಗಲ್: ಎಸಿ ಇಲ್ಲದೆ ಬಾಗಿಲು ಮುಚ್ಚಿದ್ರೆ ಒಳಗಿರೋರಿಗೆ ಉಸಿರು ಹೇಗೆ ಗುರು? ಮೇ ತಿಂಗಳಲ್ಲಿ ಬೇಯಿಸ್ತಾರಾ?

ಮುಲುಂಡ್‌ಮಾಣಿ: ಅದಕ್ಕೆ ಮೂರು ಬದಲಾವಣೆ ಹೇಳಿದ್ದಾರೆ. ಬಾಗಿಲಿನಲ್ಲೇ ಗಾಳಿಯ ಪಟ್ಟಿಗಳು, ಮಾಡಿನ ಮೇಲೆ ಹೊರಗಿನ ಗಾಳಿ ಎಳೆಯುವ ಯಂತ್ರ, ಬೋಗಿಯಿಂದ ಬೋಗಿಗೆ ನಡೆದು ಹೋಗುವ ದಾರಿ. ಮೂರನೆಯದೇ ದೊಡ್ಡದು. ಮೆಟ್ಟಿಲ ಬಳಿಯ ಬೋಗಿ ತುಂಬಿ ತುಳುಕುವಾಗ ತುದಿಯ ಬೋಗಿಯಲ್ಲಿ ನಿಲ್ಲಲು ಜಾಗ ಇರ್ತದೆ, ಜನ ಒಳಗಿಂದೊಳಗೇ ಹಂಚಿಹೋಗ್ತಾರೆ.

ಹಳಿಹುಳ: "ಒಳಗಿಂದೊಳಗೇ ಹಂಚಿಹೋಗ್ತಾರೆ"! ಹೆಂಗಸರ ಬೋಗಿಯೊಳಗೂ ಹಂಚಿಹೋಗುತ್ತಾರೆಯೇ? ಫಸ್ಟ್ ಕ್ಲಾಸಿಗೂ? ರೇಕಿನ ನಡುನಡುವೆ ಹೆಂಗಸರ ಡಬ್ಬ, ಫಸ್ಟ್ ಕ್ಲಾಸ್, ಅಂಗವಿಕಲರ ಡಬ್ಬ, ಸಾಮಾನಿನ ಡಬ್ಬ ಇವೆ. ಪ್ರತಿ ಗಡಿಯಲ್ಲೂ ದಾರಿ ಮುಚ್ಚಬೇಕು. ಮುಚ್ಚಿದರೆ 12 ಬೋಗಿಯ ರೇಕು ಒಳಗೆ ನಾಲ್ಕೈದು ತುಂಡು. ಜುಲೈ ಮಳೆಯಲ್ಲಿ ಗಾಳಿಪಟ್ಟಿಯಿಂದ ನೀರು ಒಳಗೆ ಬರುವುದು ಬೇರೆ.

ಮುಲುಂಡ್‌ಮಾಣಿ: ಈಗ ಬಾಗಿಲು ತೆರೆದುಕೊಂಡೇ ಓಡ್ತದಲ್ಲ, ಆಗ ಮಳೆ ಹೊರಗೇ ನಿಂತು ಕಾಯ್ತದಾ? ವಿಭಾಗಗಳನ್ನು ರೇಕಿನ ಎರಡು ತುದಿಗೆ ತಂದರೆ ಗಡಿ ಎರಡಕ್ಕೆ ಇಳಿಯಿತು.

ಹಳಿಹುಳ: ತಂದು ನೋಡಿ. ಮೆಟ್ಟಿಲು ನಡುವೆ ಇರುವ ನಿಲ್ದಾಣದಲ್ಲಿ ಹೆಂಗಸರು ನೂರು ಮೀಟರ್ ಓಡಬೇಕು.

ಡಿಪೋಭಟ್ಟ: ಬಾಗಿಲು, ಬಾಗಿಲು, ಬಾಗಿಲು! ಕುರ್ಲಾದಲ್ಲಿ ಇಳಿದವನು ಕಚೇರಿಗಳಿರುವ ಬಿಕೆಸಿಗೆ ಷೇರ್ ರಿಕ್ಷಾದಲ್ಲಿ ನೇತಾಡಿಕೊಂಡು ಹೋಗುತ್ತಾನೆ. ಬೆಸ್ಟ್ ಕನಿಷ್ಠ ದರವನ್ನು 2019ರಲ್ಲಿ 5 ರೂಪಾಯಿಗೆ ಇಳಿಸಿತು, 2025ರ ಮೇನಲ್ಲಿ 10ಕ್ಕೆ ಏರಿಸಿತು. ದರ ಏರಿತು, ಬಸ್ಸು ಏರಲಿಲ್ಲ. ಲೆಕ್ಕ ಕೇಳಿ: 20 ಕಿ.ಮೀ. ರೂಟು, ಗಂಟೆಗೆ 10 ಕಿ.ಮೀ. ವೇಗ. ಹೋಗಿಬರಲು 240 ನಿಮಿಷ, ಎರಡು ತುದಿಯಲ್ಲಿ 12ರಂತೆ ನಿಲುಗಡೆ, ಒಟ್ಟು 264. ಆರು ನಿಮಿಷಕ್ಕೊಂದು ಬೇಕೆಂದರೆ 44 ಬಸ್ಸು. ಅದೇ ರೂಟನ್ನು ನಿಲ್ದಾಣದಿಂದ 8 ಕಿ.ಮೀ.ಗೆ ಕತ್ತರಿಸಿದರೆ 96 + 24 = 120 ನಿಮಿಷ, 20 ಬಸ್ಸು ಸಾಕು. ಲೋಕಲ್‌ಗೆ ಸಮಾನಾಂತರವಾಗಿ ಓಡುವ ಉದ್ದ ರೂಟುಗಳನ್ನು ತುಂಡು ಮಾಡಿದರೆ, ಇದ್ದ ಬಸ್ಸಿನಲ್ಲೇ ನಿಲ್ದಾಣದ ಬಾಗಿಲಿಗೆ ಬಸ್ಸು ಬರುತ್ತದೆ.

ಯಶವಂತಪುರ_ಸಿಂಗಲ್: "ಉಳಿದವೆಲ್ಲ ಗುತ್ತಿಗೆಯವು" ಅಂದ್ರೆ ಏನೀಗ? ನಮ್ಮ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸೂ ಹಂಗೇ. ಬಸ್ಸು, ಡ್ರೈವರ್ ಗುತ್ತಿಗೆದಾರನದ್ದು, ಕಂಡಕ್ಟರ್ ನಿಗಮದವರು, ಕಿ.ಮೀ.ಗೆ ಇಷ್ಟು ಅಂತ ದುಡ್ಡು. ಜನಕ್ಕೆ ಬಸ್ಸು ಬಂದ್ರೆ ಸಾಕು.

ಡಿಪೋಭಟ್ಟ: ರೂಟಿನ ಲೆಕ್ಕ ಕೊಟ್ಟರೆ ಗುತ್ತಿಗೆಯನ್ನು ಹಿಡಿದುಕೊಂಡಿರಾ? ಸರಿ, ಅದನ್ನೇ ಹೇಳುತ್ತೇನೆ. 2024ರ ಡಿಸೆಂಬರ್ 9ರಂದು ಕುರ್ಲಾದಲ್ಲಿ ಗುತ್ತಿಗೆಯ ಎಲೆಕ್ಟ್ರಿಕ್ ಬಸ್ಸು ಜನರ ಮೇಲೆ ಹರಿಯಿತು. ಚಾಲಕನ ತರಬೇತಿ ಸಾಲದು ಎಂಬ ಮಾತು ತನಿಖೆಯಲ್ಲಿ ಬಂತು. ಡೀಸೆಲ್ ಬಸ್ಸಿನಲ್ಲಿ ಕ್ಲಚ್ಚು, ಗೇರು. ಇದರಲ್ಲಿ ಎಡಗಾಲಿಗೆ ಕೆಲಸವಿಲ್ಲ, ಪೆಡಲ್ ಒತ್ತಿದ ಕ್ಷಣಕ್ಕೇ ಜೋರು ಎಳೆತ. ಬಿಟ್ಟ ಕೂಡಲೇ ಮೋಟಾರೇ ಹಿಡಿದು ನಿಧಾನ ಮಾಡುತ್ತದೆ. ಇದು ಕಾಲಿನ ಅಭ್ಯಾಸ, ಕಾಗದದ ಮೇಲಿನ ತರಬೇತಿಯಿಂದ ಬರುವುದಿಲ್ಲ. ಕಿ.ಮೀ. ಲೆಕ್ಕದಲ್ಲಿ ದುಡ್ಡು ಸಿಗುವವನು ಚಾಲಕನನ್ನು ವಾರಗಟ್ಟಲೆ ಖಾಲಿ ಬಸ್ಸಿನಲ್ಲಿ ಓಡಿಸುತ್ತಾನೆಯೇ? ಟೆಂಡರಿನಲ್ಲಿ ತರಬೇತಿಯ ಗಂಟೆಗಳನ್ನು ಬರೆದು, ಅದಕ್ಕೆ ಬೇರೆ ದುಡ್ಡು ಇಡಬೇಕು.

ಯಶವಂತಪುರ_ಸಿಂಗಲ್: ಅದು ಟೆಂಡರ್ ತಪ್ಪು, ಗುತ್ತಿಗೆ ತಪ್ಪಲ್ಲ.

ಡಿಪೋಭಟ್ಟ: ಟೆಂಡರ್ ಇಲ್ಲದ ಗುತ್ತಿಗೆ ನಿಮ್ಮೂರಲ್ಲಿ ಇದೆಯೇ?

ಮುಲುಂಡ್‌ಮಾಣಿ: ಇಬ್ಬರೂ ಸ್ವಲ್ಪ ಸುಮ್ಮನಿರಿ. ಹಳಿಹುಳರೇ, 15 ಬೋಗಿ ಅಂತ ಸುಲಭವಾಗಿ ಬರೆದಿರಿ. ಪ್ಲಾಟ್‌ಫಾರ್ಮನ್ನು 60 ಮೀಟರಿನಷ್ಟು ಚಾಚಬೇಕು. ತುದಿಯಲ್ಲಿ ಹಳಿ ಬದಲಿಸುವ ಪಾಯಿಂಟ್ ಇದ್ದರೆ ಅದು, ಸಿಗ್ನಲ್ ಕಂಬ, ಓವರ್‌ಹೆಡ್ ತಂತಿಯ ಮಾಸ್ಟ್, ಎಲ್ಲ ಸರಿಸಬೇಕು. ಸರಿಸುವುದು ಗಾಡಿ ನಿಲ್ಲಿಸಿ ಹಳಿಯ ಕೆಲಸ ಮಾಡುವ ಭಾನುವಾರದ ಮೆಗಾಬ್ಲಾಕಿನ ನಾಲ್ಕೈದು ಗಂಟೆಯಲ್ಲಿ. ವೆಸ್ಟರ್ನ್‌ನಲ್ಲಿ ಸ್ಲೋ ಹಳಿಗೆ 2021ರಲ್ಲಿ ಮಾಡಿದ್ದೇ ಅಂಧೇರಿಯಿಂದ ವಿರಾರ್‌ವರೆಗೆ ಮಾತ್ರ.

ಹಳಿಹುಳ: "ಮಾಡಿದ್ದೇ" ಎಂದಿರಲ್ಲ, ಅಷ್ಟು ಸಾಕು. ಅಂಧೇರಿಯಲ್ಲಿ ಆದದ್ದು ಠಾಣೆಯಲ್ಲಿ ಏಕಾಗದು? ಠಾಣೆ–ದಿವಾ 5–6ನೇ ಹಳಿಗೂ ಹೀಗೇ ಮೂಗು ಮುರಿದಿದ್ದರು. 2022ರ ಫೆಬ್ರವರಿಯಲ್ಲಿ ಆಯಿತಲ್ಲ.

ಮುಲುಂಡ್‌ಮಾಣಿ: 2008ರಲ್ಲಿ ಮಂಜೂರಾದದ್ದು! ಅದೇ ಕಂತಿನ ಕುರ್ಲಾ–ಸಿಎಸ್‌ಎಂಟಿ ಹಳಿ ಎಲ್ಲಿದೆ? ಆ ಲೆಕ್ಕದಲ್ಲಿ ನಿಮ್ಮ ಸಿಗ್ನಲ್ ಬರುವವರೆಗೆ ಫುಟ್‌ಬೋರ್ಡಿನಲ್ಲಿ ನಿಂತವನು ಕಂಬಿ ಹಿಡಿದುಕೊಂಡೇ ಇರಬೇಕಾ? ಬಾಗಿಲಿಗೆ ಜಮೀನು ಬೇಡ, ಜೋಪಡಿ ಎಬ್ಬಿಸಬೇಕಾಗಿಲ್ಲ, ಕಾರ್ಖಾನೆಯಲ್ಲೇ ಆಗ್ತದೆ.

ಹಳಿಹುಳ: ಮುಚ್ಚಿದ ಬಾಗಿಲಿನಿಂದ ಪ್ಲಾಟ್‌ಫಾರ್ಮಿನಲ್ಲಿ ಉಳಿದವರ ಲೆಕ್ಕ ಕೊಡಿ. ಈಗ ಹೊರಗೆ ನೇತಾಡುವವರು ಅಲ್ಲೇ ಉಳಿಯುತ್ತಾರೆ, ಮುಂದಿನ ಗಾಡಿಯವರೂ ಸೇರುತ್ತಾರೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೆಟ್ಟಿಲಲ್ಲಿ ನೂಕುನುಗ್ಗಲಿಗೆ 23 ಜನ ಹೋದದ್ದು ಮರೆತಿರಾ?

ಮುಲುಂಡ್‌ಮಾಣಿ: ಅದು ಕಿರಿದಾದ ಕಾಲುಸೇತುವೆಯ ದೋಷ. ಬಾಗಿಲಿನ ತಲೆಗೆ ಕಟ್ಟಬೇಡಿ.

ಡಿಪೋಭಟ್ಟ: 20 ಬಸ್ಸಿನ ಲೆಕ್ಕಕ್ಕೆ ಒಬ್ಬರಾದರೂ ಉತ್ತರ ಕೊಡುತ್ತೀರಾ, ಇಲ್ಲವಾ?

ಲೆಕ್ಕಾಚಾರಿ: ಕೊಡುತ್ತೇನೆ. 20 ತಪ್ಪು. ವರ್ಕ್‌ಶಾಪಿನಲ್ಲಿ ನಿಂತವನ್ನು ಬಿಟ್ಟಿದ್ದೀರಿ. ನೂರಕ್ಕೆ 92 ರಸ್ತೆಗಿಳಿಯುತ್ತವೆ ಎಂದುಕೊಂಡರೂ 22 ಬೇಕು. ಉದ್ದ ರೂಟಿಗೆ 44 ಅಲ್ಲ, 48.

ಡಿಪೋಭಟ್ಟ: ಅಂದರೆ ಉಳಿತಾಯ 24ರಿಂದ 26ಕ್ಕೆ ಏರಿತು. ನನ್ನ ಮಾತಿಗೇ ಬಲ ಬಂತು!

ಹಳಿಹುಳ: ರೂಟು ಕತ್ತರಿಸಿದರೆ ಎರಡನೇ ಬಸ್ಸಿಗೆ ಎರಡನೇ ಟಿಕೆಟ್. ಅದನ್ನು ಯಾರು ಕೊಡುತ್ತಾರೆ ಭಟ್ಟರೇ?

ಮುಲುಂಡ್‌ಮಾಣಿ: ದಾದರಿನ ಲೆಕ್ಕಕ್ಕೆ ಉತ್ತರ ಬರಲೇ ಇಲ್ಲ.

ಹಳಿಹುಳ: ಕೊಟ್ಟಾಗಿದೆ, ಮೇಲೆ ಓದಿ.

ಲೆಕ್ಕಾಚಾರಿ: ಮೇಲೆ ಇನ್ನೂ 45 ಎಂದೇ ಇದೆ.