ಓದುಗರ ಸ್ಪಂದನ: ಅಪರಾಧಶಾಸ್ತ್ರದ ಪದವಿಗೆ ಆರು ಲಕ್ಷ ಸಾಲ ಮಾಡಬಹುದೇ?

ಕಳೆದ ವಾರದ ಸಮಸ್ಯೆ: ರಾಣೆಬೆನ್ನೂರು ಕಡೆಯ ಓದುಗರೊಬ್ಬರ ಮಗಳು ಕಲಾ ವಿಭಾಗದಲ್ಲಿ ದ್ವಿತೀಯ ಪಿಯು ಮುಗಿಸಿದ್ದಾಳೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಅಪರಾಧಶಾಸ್ತ್ರದ ಪದವಿ ಓದಬೇಕೆಂದು ಹಟ ಹಿಡಿದಿದ್ದಾಳೆ. ವರ್ಷಕ್ಕೆ ಎರಡು ಲಕ್ಷ ರೂಪಾಯಿ ಶುಲ್ಕ, ಹಾಸ್ಟೆಲ್ ಬೇರೆ. ಮನೆಗೆ ಆಧಾರ ಮೂರು ಎಕರೆ ಮೆಕ್ಕೆಜೋಳದ ಹೊಲ ಮತ್ತು ಒಂದು ಸಣ್ಣ ಅಂಗಡಿ. ‘ಸಾಲ ತೀರುವಷ್ಟು ದುಡಿಮೆ ಈ ಓದಿನಿಂದ ಸಿಗುತ್ತದೆಯೇ? ಬೇಡವೆಂದರೆ ಮಗಳು ನೊಂದುಕೊಳ್ಳುತ್ತಾಳೆ’ ಎಂದು ತಂದೆ ಬರೆದಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು, ದಾವಣಗೆರೆ

ಮೊದಲು ಲೆಕ್ಕ ಹಾಕಿಬಿಡೋಣ. ವರ್ಷಕ್ಕೆ ಎರಡು ಲಕ್ಷದಂತೆ ಮೂರು ವರ್ಷ ಸಾಲ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದುವಾಗ ಮತ್ತು ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಬರೀ ಸರಳ ಬಡ್ಡಿ ಹಿಡಿದರೂ ನಾಲ್ಕನೆಯ ವರ್ಷದ ಕೊನೆಗೆ ಸಾಲ 7.80 ಲಕ್ಷ ಮುಟ್ಟುತ್ತದೆ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,300 ರೂಪಾಯಿ. ಒಟ್ಟು ಕಟ್ಟುವುದು ಹನ್ನೆರಡು ಲಕ್ಷಕ್ಕೂ ಹೆಚ್ಚು. ಹಾಸ್ಟೆಲ್ ಖರ್ಚನ್ನು ನಾನು ಇದರಲ್ಲಿ ಸೇರಿಸಿಯೇ ಇಲ್ಲ.

ಏಳೂವರೆ ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಬೇಕಾಗುವುದಿಲ್ಲ. ಹಾಗೆಂದು ನಿಶ್ಚಿಂತರಾಗಬೇಡಿ. ತಂದೆಯೂ ಸಹ-ಸಾಲಗಾರರಾಗಿ ಸಹಿ ಮಾಡಿರುತ್ತಾರೆ. ಮಗಳ ಕಂತು ತಪ್ಪಿದರೆ ನಿಮ್ಮ ಸಾಲದ ದಾಖಲೆಯೂ ಕೆಡುತ್ತದೆ, ಮುಂದೆ ಅಂಗಡಿಗೆ ಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿನ ಕುಟುಂಬಗಳಿಗೆ ಬಡ್ಡಿಯಲ್ಲಿ ಶೇ 3ರಷ್ಟು ಸಹಾಯಧನವಿದೆ. ಆದರೆ ಅದು ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ನಿಮ್ಮ ಮಗಳು ಮೆಚ್ಚಿದ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ. ಇಲ್ಲವಾದರೆ ಈ ಸಾಲಕ್ಕೆ ಕೈಹಾಕಬೇಡಿ ಎಂಬುದೇ ನನ್ನ ಸಲಹೆ.

ಅಪರಾಧಶಾಸ್ತ್ರದ ಸ್ನಾತಕೋತ್ತರ ಪದವೀಧರೆ, ಧಾರವಾಡ

ನಿಮ್ಮ ಮಗಳ ಆಸೆಯಲ್ಲಿ ತಪ್ಪಿಲ್ಲ. ನಾನು ಇದೇ ವಿಷಯವನ್ನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದವಳು. ಇಷ್ಟು ಒಳ್ಳೆಯ ವಿಷಯವನ್ನು ಇನ್ನೊಂದು ಸಲ ಓದಲು ಸಿಕ್ಕರೂ ಓದುತ್ತೇನೆ. ಮನುಷ್ಯ ತಪ್ಪಿನ ದಾರಿ ಹಿಡಿಯುವುದೇಕೆ, ಶಿಕ್ಷೆಯಿಂದ ಯಾರು ತಿದ್ದಿಕೊಳ್ಳುತ್ತಾರೆ, ನೊಂದವರಿಗೆ ಸಿಗಬೇಕಾದದ್ದು ಏನು ಎಂದು ಇಲ್ಲಿ ಕೇಳಿದಷ್ಟು ನೇರವಾಗಿ ಬೇರೆ ತರಗತಿಗಳಲ್ಲಿ ಕೇಳುವುದಿಲ್ಲ. ಬ್ರಿಟಿಷರು 1871ರ ಕಾನೂನಿನಲ್ಲಿ ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಬರೆದಿಟ್ಟದ್ದು, ಅದು 1952ರವರೆಗೆ ರದ್ದಾಗದೆ ಉಳಿದದ್ದು ನಮ್ಮ ಪಠ್ಯದಲ್ಲಿತ್ತು. ಅಂಥ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ್ದ ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಪ್ರದೇಶ ಇಲ್ಲಿಂದ ಬಸ್ಸಿನ ದಾರಿ. ಪಠ್ಯದ ಮಾತು ಮತ್ತು ಆ ಬೀದಿಗಳು ಒಂದಕ್ಕೊಂದು ತಾಗಿದಾಗ ಓದಿನ ಬೆಲೆ ಗೊತ್ತಾಗುತ್ತದೆ.

ಆದರೆ ಆ ಓದಿಗಾಗಿ ನಮ್ಮ ಮನೆಯವರು ಸಾಲ ಮಾಡಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ, ವಿದ್ಯಾರ್ಥಿವೇತನ, ಹಿಂದುಳಿದ ವರ್ಗಗಳ ಹಾಸ್ಟೆಲ್ ಇಷ್ಟರಲ್ಲೇ ಮುಗಿಯಿತು. ನಾನು ಕೆಲಸ ಮಾಡುವುದು ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿ. ಮಿಷನ್ ವಾತ್ಸಲ್ಯ ಯೋಜನೆಯ ಮಾರ್ಗಸೂಚಿಯಂತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತ ಸಮಾಲೋಚಕರಿಗೂ ಸಮಾಜ ಕಾರ್ಯಕರ್ತರಿಗೂ ತಿಂಗಳಿಗೆ 18,536 ರೂಪಾಯಿ, ರಕ್ಷಣಾಧಿಕಾರಿಗೆ 27,804. ಎಲ್ಲವೂ ಗುತ್ತಿಗೆಯ ಕೆಲಸ. 18,536ರಲ್ಲಿ ತಿಂಗಳಿಗೆ ಹತ್ತು ಸಾವಿರ ಸಾಲದ ಕಂತಿಗೆ ಹೋದರೆ ಉಳಿದದ್ದರಲ್ಲಿ ಒಂದು ಹೆಣ್ಣುಮಗಳು ಜಿಲ್ಲಾ ಕೇಂದ್ರದಲ್ಲಿ ಬಾಡಿಗೆ ಕಟ್ಟಿ ಬದುಕುವುದು ಹೇಗೆ? ಇನ್ನೂ ನೋಯಿಸುವ ಸಂಗತಿಯೆಂದರೆ, ಇಂಥ ಹುದ್ದೆಗಳ ಜಾಹೀರಾತಿನಲ್ಲಿ ಸಮಾಜಕಾರ್ಯ, ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನು ಎಂದು ಬರೆದಿರುತ್ತಾರೆ, ಅಪರಾಧಶಾಸ್ತ್ರದ ಹೆಸರನ್ನೇ ಬಿಟ್ಟಿರುತ್ತಾರೆ. ಬಾಲಾಪರಾಧಿಗಳ ವಿಷಯವನ್ನು ವರ್ಷಗಟ್ಟಲೆ ಓದಿದವರು ಅರ್ಜಿ ಹಾಕಲೂ ಆಗದೆ ನಿಲ್ಲುವುದನ್ನು ಕಂಡು ನನಗೆ ಸಿಟ್ಟು ಬರುತ್ತದೆ.

ಆದ್ದರಿಂದ ಹೀಗೆ ಮಾಡಬಹುದು. ಧಾರವಾಡದಲ್ಲೋ ಮೈಸೂರಿನ ಮಹಾರಾಜ ಕಾಲೇಜಿನಲ್ಲೋ ಬಿ.ಎ.ಯಲ್ಲಿ ಅಪರಾಧಶಾಸ್ತ್ರವನ್ನು ಒಂದು ವಿಷಯವಾಗಿ ಓದಲಿ, ಜೊತೆಗೆ ಸಮಾಜಶಾಸ್ತ್ರವನ್ನೋ ಮನಃಶಾಸ್ತ್ರವನ್ನೋ ಇಟ್ಟುಕೊಳ್ಳಲಿ. ಆಮೇಲೆ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಮೂರು ವರ್ಷದ ಕಾನೂನು ಪದವಿ ಮಾಡಿದರೆ ಪರಿವೀಕ್ಷಣಾಧಿಕಾರಿ, ರಕ್ಷಣಾಧಿಕಾರಿ, ವಕೀಲಿಕೆ ಹೀಗೆ ಹಲವು ಕಡೆ ಅರ್ಜಿ ಹಾಕಬಹುದು. ಪಾಠ ಹೇಳುವ ಮನಸ್ಸಿದ್ದರೆ, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನಲ್ಲಿ ಅಪರಾಧಶಾಸ್ತ್ರ ಪ್ರತ್ಯೇಕ ವಿಷಯವಾಗಿಯೇ ಇದೆ. ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700 ರೂಪಾಯಿ. ಆದರೆ ಈ ವಿಷಯ ಕಲಿಸುವ ಕಾಲೇಜುಗಳೇ ಬೆರಳೆಣಿಕೆಯಷ್ಟು, ಹಾಗಾಗಿ ಅದೊಂದನ್ನೇ ನಂಬಿಕೊಂಡು ಕೂರುವುದು ಬೇಡ.

ನಿವೃತ್ತ ಪೊಲೀಸ್ ಅಧಿಕಾರಿ, ಶಿವಮೊಗ್ಗ

ಮಗಳ ಕಣ್ಣು ಖಾಕಿಯ ಮೇಲಿದ್ದರೆ ಒಂದು ವಿಷಯ ಸ್ಪಷ್ಟವಾಗಲಿ. ನಮ್ಮ ರಾಜ್ಯದಲ್ಲಿ ಪಿಎಸ್ಐ ನೇರ ನೇಮಕಾತಿಗೆ ಯಾವುದೇ ಪದವಿ ಸಾಕು. ಎತ್ತರ, ಓಟ, ಪ್ರಬಂಧ, ಭಾಷಾಂತರ, ಸಾಮಾನ್ಯ ಜ್ಞಾನ ಇವುಗಳಲ್ಲಿ ಗೆಲ್ಲಬೇಕು. ಐಪಿಎಸ್ ಕನಸಿದ್ದರೆ, ಯುಪಿಎಸ್‌ಸಿಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಅಪರಾಧಶಾಸ್ತ್ರ ಇಲ್ಲ.

ಸರ್ಕಾರಿ ಹುದ್ದೆಯ ಭರವಸೆಯ ಮೇಲೆ ಬಡ್ಡಿ ಸಾಲ ಮಾಡಬಾರದು ಎಂಬುದಕ್ಕೆ 545 ಪಿಎಸ್ಐ ಹುದ್ದೆಗಳ ಕಥೆಯೇ ಸಾಕು. ಅಧಿಸೂಚನೆ ಬಂದದ್ದು 2021ರಲ್ಲಿ, ಪರೀಕ್ಷೆ ಅದೇ ವರ್ಷ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಮಕ್ಕಳು ಅಷ್ಟು ಕಾಲ ಸಂಬಳವಿಲ್ಲದೆ ಕಾದರು. ಅಂದಿನ ವೇತನಶ್ರೇಣಿ 37,900ರಿಂದ 70,850 ರೂಪಾಯಿ. ಏಳನೇ ವೇತನ ಆಯೋಗ ಜಾರಿಯಾದ ಮೇಲೆ ಅದೂ ಏರಿದೆ. ಸಂಬಳ ಒಳ್ಳೆಯದೇ, ಆದರೆ ಅದು ಕೈಸೇರುವ ದಿನವನ್ನು ಯಾರೂ ಹೇಳಲಾರರು.

ಹೊಸ ಕಾನೂನು ಬಂದಿದೆ, ಸಾವಿರಾರು ಕೆಲಸ ಹುಟ್ಟುತ್ತವೆ ಎಂದು ಕಾಲೇಜಿನವರು ನಿಮಗೆ ಹೇಳಿರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಬೇಡಿಕೆ ಬರುವುದು ನಿಜ, ಆದರೆ ಆ ಕೆಲಸ ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ ಓದಿದವರದು. ರಕ್ತದ ಕಲೆ, ವಿಷ, ಡಿಎನ್ಎ ಪರೀಕ್ಷಿಸುವವರು ಅವರು. ಪಿಯುವಿನಲ್ಲಿ ಕಲಾ ವಿಭಾಗ ಓದಿದ ಹುಡುಗಿಗೆ ಆ ಬಾಗಿಲು ತೆರೆಯುವುದು ಬಹಳ ಕಷ್ಟ. ಪ್ರವೇಶ ಮಾಡಿಸುವಾಗ ಇದನ್ನು ಎಷ್ಟು ಕಾಲೇಜುಗಳು ಬಿಡಿಸಿ ಹೇಳುತ್ತವೆ? ದಯವಿಟ್ಟು ಬಾಯಿಬಿಟ್ಟು ಕೇಳಿ.

ಓದುಗರು, ಬೆಂಗಳೂರು

ಎಲ್ಲರೂ ಬೇಡವೆನ್ನುತ್ತಾರೆಂದು ಊಹಿಸಿ ಇನ್ನೊಂದು ಮುಖವನ್ನು ಬರೆಯುತ್ತಿದ್ದೇನೆ. ನನ್ನ ತಂಗಿ ಖಾಸಗಿ ಕಾಲೇಜಿನಲ್ಲಿಯೇ ಅಪರಾಧಶಾಸ್ತ್ರ ಓದಿ, ಬ್ಯಾಂಕುಗಳಿಗಾಗಿ ಅನುಮಾನಾಸ್ಪದ ಹಣ ವರ್ಗಾವಣೆ ಪರಿಶೀಲಿಸುವ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ಸೈಬರ್ ವಂಚನೆ ಹೆಚ್ಚಿದಂತೆ ಇಂಥ ಕೆಲಸಗಳೂ ಹೆಚ್ಚಿವೆ. ಆದರೆ ಅವಳ ಜೊತೆ ಸೇರಿದವರಲ್ಲಿ ಹೆಚ್ಚಿನವರು ಬಿ.ಕಾಂ. ಮಾಡಿದವರು, ಸಂಬಳವೂ ಒಂದೇ. ಸಂದರ್ಶನದಲ್ಲಿ ನೋಡಿದ್ದು ಇಂಗ್ಲಿಷ್ ಬರವಣಿಗೆ, ಎಕ್ಸೆಲ್, ವ್ಯವಹಾರಗಳ ಪಟ್ಟಿಯಲ್ಲಿ ತಾಳೆಯಾಗದ್ದನ್ನು ಗುರುತಿಸುವ ಚುರುಕು. ಇವನ್ನು ಊರಿನ ಪದವಿಯ ಜೊತೆಗೇ ಕಲಿಯಬಹುದು.

ಮಗಳನ್ನು ಕರೆದುಕೊಂಡು ಒಮ್ಮೆ ಆ ವಿಶ್ವವಿದ್ಯಾಲಯಕ್ಕೆ ಹೋಗಿ. ಈ ಕೋರ್ಸಿನ ಕಳೆದ ಮೂರು ವರ್ಷದ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ಪ್ರಶ್ನೆಯನ್ನು ಅವಳೇ ಕೇಳಲಿ. ಇಡೀ ಸಂಸ್ಥೆಯ ಉದ್ಯೋಗಾವಕಾಶದ ಅಂಕಿಗಳನ್ನು ತೋರಿಸಿದರೆ ಒಪ್ಪಬೇಡಿ, ಅವುಗಳಲ್ಲಿ ಎಂಜಿನಿಯರಿಂಗ್‌ನವರದೇ ದೊಡ್ಡ ಪಾಲು ಇರುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರ ಜೊತೆ ಮಾತನಾಡಿಸಿ ಎಂದು ಕೇಳಿ. ಅವರ ಮಾತನ್ನು ಕೇಳಿಸಿಕೊಳ್ಳುವವರೆಗೆ ಮುಂಗಡ ಶುಲ್ಕ ಕಟ್ಟಬೇಡಿ.