ಅರೆಂಟ್ ಹೇಳುವ ಹುಟ್ಟು, ಅಗಾಂಬೆನ್ ಹೇಳುವ ಬರಿ ಜೀವ: ಎರಡೂ ಒಂದೇನಾ?

ಸಾಗರದ_ಓದುಗ: ಮುಂದಿನ ವಾರ ನಮ್ಮ ಬಳಗದಲ್ಲಿ ರಾಜಕೀಯ ಚಿಂತಕಿ ಹನ್ನಾ ಅರೆಂಟ್ ಅವರ ‘ನೇಟಾಲಿಟಿ’ ಚರ್ಚೆ. ಟಿಪ್ಪಣಿಯಲ್ಲಿ ಅದನ್ನು ‘ಜನನ ಪ್ರಮಾಣ’ ಅಂತ ಬರೆದಿದೆ, ಪಕ್ಕದಲ್ಲೇ ಇಟಲಿಯ ತತ್ವಚಿಂತಕ ಅಗಾಂಬೆನ್ ಅವರ ‘ಬರಿ ಜೀವ’. ಎರಡೂ ಹುಟ್ಟಿನ ಮಾತೇ ತಾನೆ? ಕಾಗೋಡು ರೈತ ಹೋರಾಟ, ಶರಾವತಿ ಮುಳುಗಡೆಯನ್ನು ಉದಾಹರಣೆಯಾಗಿ ಕೊಡಬಹುದಾ?

ಮೆಟ್ಟುಗತ್ತಿ: ಮೊದಲು ಆ ಅನುವಾದ ಹೊಡೆದುಹಾಕಿ ಮಾರಾಯ್ರೇ. ಜನನ ಪ್ರಮಾಣ ಅಂದರೆ ಸಾವಿರ ಜನಕ್ಕೆ ಎಷ್ಟು ಹೆರಿಗೆ ಅನ್ನುವ ಲೆಕ್ಕ. 1958ರ ‘ದಿ ಹ್ಯೂಮನ್ ಕಂಡೀಷನ್’ನಲ್ಲಿ ಇರುವುದು ಬೇರೆ: ಹುಟ್ಟಿದ ಪ್ರತಿಯೊಬ್ಬರೂ ಲೋಕಕ್ಕೆ ಹೊಸಬರು, ಅದಕ್ಕೇ ಹೊಸದನ್ನು ಶುರುಮಾಡಬಲ್ಲರು. ‘ಹುಟ್ಟುತನ’ ಅನ್ನಿ. ಕಿವಿಗೆ ಒರಟು, ಆದರೆ ದಾರಿ ತಪ್ಪಿಸಲ್ಲ.

ಅರೆಂಟ್ ಮೂರು ಬಗೆ ಮಾಡ್ತಾರೆ. ಅಡಿಕೆ ಸುಲಿಯುವುದು ದುಡಿಮೆ, ಮುಂದಿನ ಕೊಯ್ಲಿಗೆ ಮತ್ತೆ ಅದೇ. ಸುಲಿಯುವ ಕತ್ತಿ ಮಾಡುವುದು ತಯಾರಿಕೆ, ವಸ್ತು ಉಳಿಯುತ್ತೆ. ಮೂರನೆಯದು ಕ್ರಿಯೆ. ಅದು ಒಬ್ಬರಿಂದ ಆಗಲ್ಲ, ಎಲ್ಲಿಗೆ ಮುಟ್ಟುತ್ತದೆ ಅಂತ ಮೊದಲೇ ಹೇಳಲಿಕ್ಕೂ ಆಗಲ್ಲ. 1951ರ ಕಾಗೋಡಿನಲ್ಲಿ ಗೇಣಿದಾರರು ಒಟ್ಟಾಗಿ ಗದ್ದೆಗಿಳಿದದ್ದು ಈ ಸಾಲಿಗೆ ಸೇರುತ್ತೆ. ತೊಡಕೂ ಇದೆ. ಜಗಳ ಎದ್ದದ್ದು ಭತ್ತ ಅಳೆಯುವ ಕೊಳಗದ ಮೇಲೆ, ಅರೆಂಟ್ ಹೊಟ್ಟೆಪಾಡನ್ನು ರಾಜಕೀಯದಿಂದ ಹೊರಗಿಡುವವರು. ಯಾರಾದರೂ ಇದನ್ನು ಕೇಳೇ ಕೇಳ್ತಾರೆ. ನನ್ನ ಕೇಳಿದರೆ ಕಾಗೋಡು ಸರಿ, ಅರೆಂಟ್ ಅಲ್ಲಿ ಎಡವಿದ್ದಾರೆ.

ಘಟ್ಟದ_ಮೇಲಿನವ: ಮುಳುಗಡೆ ಮಾತ್ರ ಬೇಡ. 1995ರ ‘ಹೋಮೋ ಸಾಕೆರ್’ನಲ್ಲಿ ಅಗಾಂಬೆನ್ ಹಿಡಿಯುವುದು ಹಳೆಯ ರೋಮನ್ ಕಾನೂನಿನ ಒಬ್ಬ ಮನುಷ್ಯನನ್ನು. ಅವನನ್ನು ಕೊಂದರೆ ಕೊಲೆ ಅಲ್ಲ, ಬಲಿ ಕೊಡುವ ಹಾಗೂ ಇಲ್ಲ. ಕಾನೂನು ಅವನನ್ನು ಹೊರಗೆ ದಬ್ಬಿಯೇ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿರುತ್ತೆ. ಇಂಥ ಬದುಕೇ ‘ಬರಿ ಜೀವ’. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರು ಮತ ಹಾಕ್ತಾರೆ, ಕೋರ್ಟಿಗೆ ಹೋಗ್ತಾರೆ. ಹಕ್ಕುಪತ್ರ ಸಿಗದ್ದು ಅನ್ಯಾಯ, ಹಾಗಂತ ಅವರು ಬರಿ ಜೀವ ಅಲ್ಲ.

ತುಂಗಾತೀರ: ಹುಟ್ಟು ಮತ್ತು ಕಾನೂನು ಕೂಡುವ ಜಾಗ ಬೇಕಿದ್ದರೆ 1955ರ ಪೌರತ್ವ ಕಾಯ್ದೆಯ 3ನೇ ಕಲಂ ತೋರಿಸಿ. 26-1-1950ರಿಂದ 30-6-1987ರವರೆಗೆ ಇಲ್ಲಿ ಹುಟ್ಟಿದ್ದರೆ ಸಾಕಿತ್ತು (ವಿದೇಶಿ ರಾಯಭಾರಿಗಳ ಮಕ್ಕಳಂಥವರು ಬಿಟ್ಟು). ಆಮೇಲೆ ತಂದೆ-ತಾಯಿಯಲ್ಲಿ ಒಬ್ಬರು ಪೌರರಾಗಿರಬೇಕಾಯ್ತು. 3-12-2004ರಿಂದ ಇಬ್ಬರೂ ಪೌರರಿರಬೇಕು, ಇಲ್ಲವೇ ಒಬ್ಬರು ಪೌರರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ನೆಲ ಅದೇ, ಹೆರಿಗೆ ಅದೇ, ತಾರೀಖು ಮಾತ್ರ ಬೇರೆ.

ಅರೆಂಟ್ ಇದನ್ನು ಮರೆತವರಲ್ಲ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟ ಅವರಿಗೆ ಅಮೆರಿಕದ ಪೌರತ್ವ ಸಿಕ್ಕಿದ್ದು 1951ರಲ್ಲಿ. ‘ಹಕ್ಕು ಹೊಂದುವ ಹಕ್ಕು’ ಅನ್ನುವ ಮಾತು ಬರುವ ಅವರ ಪುಸ್ತಕ ‘ದಿ ಒರಿಜಿನ್ಸ್ ಆಫ್ ಟೋಟಾಲಿಟೇರಿಯನಿಸಂ’ ಹೊರಬಂದದ್ದೂ ಅದೇ ವರ್ಷ. ಚರ್ಚೆ ಅಲ್ಲಿಂದ ಶುರುಮಾಡಿ, 1958ಕ್ಕೆ ಆಮೇಲೆ ಬನ್ನಿ.