ಎರಡು ವರ್ಷದ ಮಗು ಕಥಿಗೆ ಕೂಡಂಗಿಲ್ಲ, ಹೆಂಗ ಓದಬೇಕು?

ಪ್ರಶ್ನೆ (ಸಿಂಧನೂರು): ಮಗಳು ಎರಡು ಪುಟಕ್ಕ ಎದ್ದು ಓಡ್ತಾಳ, ಇಲ್ಲಾ ಹಾಳಿ ಹರೀತಾಳ. ಅಜ್ಜಿ ಮಾತಾಡೋದು ತೆಲುಗು. ಯಾವ ಭಾಷೆಯೊಳಗ ಓದಬೇಕ್ರಿ?

ಉತ್ತರ (ಕೊಪ್ಪಳ): ಆ ವಯಸ್ಸಿಗೆ ಐದು ನಿಮಿಷ ಕುಂತ್ರ ಸಾಕ್ರಿ ಅಕ್ಕಾರ. ದಪ್ಪ ರಟ್ಟಿನ ಪುಟ, ಪುಟಕ್ಕ ಒಂದೆರಡು ಸಾಲು ಇರೋ ಪುಸ್ತಕ ತಗೋರಿ. ತೊಡಿ ಮ್ಯಾಲ ಕೂಡಿಸ್ಕೊಂಡು ಪುಟ ಆಕೀ ಕೈಲೇ ತಿರುವಿಸ್ರಿ. ಬರೆದಿದ್ದೆಲ್ಲಾ ಓದಲೇಬೇಕಂತಿಲ್ಲ. "ಆಕಳ ಎಲ್ಲೈತಿ?" ಅಂತ ಕೇಳಿ, ಮನಸ್ಸಿನಾಗ ಐದು ಎಣಿಸೋತನಕ ಸುಮ್ಮನಿರ್ರಿ. ದೊಡ್ಡವರು ಎಡವೋದು ಇಲ್ಲೇ: ಅವಸರಕ್ಕ ತಾವೇ ಉತ್ತರ ಹೇಳಿಬಿಡ್ತಾರ, ಮಗು ಬಾಯಿ ಬಿಡೋದೇ ಇಲ್ಲ. "ಆಕಳ" ಅಂದ್ರ "ಹೂಂ, ಕೆಂಪು ಆಕಳ" ಅಂತ ಒಂದು ಪದ ಕೂಡಿಸ್ರಿ.

ಉತ್ತರ (ಬಳ್ಳಾರಿ): ಅಜ್ಜಿ ತೆಲುಗಿನಾಗ, ನೀವು ಕನ್ನಡದಾಗ ಓದ್ರಿ. ಎರಡು ಭಾಷೆ ಕೇಳಿದ್ರ ಮಾತು ಹಿಂದ ಬೀಳಂಗಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಾಗ ಎರಡೂ ಭಾಷೆಯ ಕಥಿ ಪುಕ್ಕಟ ಅದಾವ. ಸರಳ ಕಥಿ ಇರೋ ಹಂತ 1 ಆರಿಸಿ ಪ್ರಿಂಟ್ ತಗೀರಿ. ಮೊಬೈಲ್‌ನಾಗ ತೋರಿಸಿದ್ರ ಕಥಿ ಬಿಟ್ಟು ವಿಡಿಯೋ ಕೇಳ್ತಾವ.

ಉತ್ತರ (ರಾಯಚೂರು): ಹಸಿವಿದ್ದಾಗ, ನಿದ್ದಿಗಣ್ಣಾಗ ಬ್ಯಾಡ. ಅದೇ ಪುಸ್ತಕ ಮತ್ತ ಮತ್ತ ಕೇಳಿದ್ರ ಓದ್ರಿ, ಪದ ಗಟ್ಟಿ ಆಗೋದೇ ಹಂಗ. ಸಾಲಿನ ಕೊನಿ ಪದ ಬಿಟ್ಟು ನಿಂತ್ರ ತಾನೇ ತುಂಬ್ತಾಳ. ಹರಿದ ಹಾಳಿಗೆ ಆಕೀ ಮುಂದೇ ಟೇಪ್ ಹಚ್ಚ್ರಿ.